ಅರ್ಧ ತುಂಬಿದ ಫಾರಂ ಮತ್ತು ಲಾಗಿನ್ ಪೇಜ್: ಸೆಷನ್ ಟೈಮ್‌ಔಟ್ ಸರಿಯಾಗಿ ಇಡುವುದು ಹೇಗೆ

"ಸಾರ್, ಮೂರನೇ ಸಲ ತುಂಬ್ತಾ ಇದ್ದೀನಿ. ಈ ಸಲನೂ ಹೋದ್ರೆ ಈ ಹುಡುಗಿಗೆ ಏನು ಹೇಳ್ಲಿ?"

ಫೋನ್ ಮಾಡಿದವರು ಒಂದು ತಾಲ್ಲೂಕು ಊರಿನಲ್ಲಿ ಸೈಬರ್ ಸೆಂಟರ್ ನಡೆಸುವವರು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಒಂದು ವೆಬ್ ಅಪ್ಲಿಕೇಶನ್ ನಾನು ಬರೆದುಕೊಟ್ಟಿದ್ದೆ, ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅರ್ಜಿ ಉದ್ದವೇ ಇತ್ತು. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ತಂದೆ ತಾಯಿಯ ಹೆಸರು ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ. ಹುಡುಗಿ ಅರ್ಧ ತುಂಬಿಸಿದ ಮೇಲೆ ರೇಷನ್ ಕಾರ್ಡ್ ತರಲು ಮನೆಗೆ ಓಡಿದ್ದಳು. ವಾಪಸ್ ಬಂದು ಉಳಿದದ್ದು ತುಂಬಿಸಿ ಸಬ್ಮಿಟ್ ಒತ್ತಿದರೆ ಲಾಗಿನ್ ಪೇಜ್. ಲಾಗಿನ್ ಆದರೆ ಖಾಲಿ ಫಾರಂ.

ಸೆಷನ್ ಟೈಮ್‌ಔಟ್, ಅಂದರೆ ಒಮ್ಮೆ ಲಾಗಿನ್ ಆದದ್ದು ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಅವಧಿ, ಕೋಡ್‌ನಲ್ಲಿ ನಾನು ಇಟ್ಟಿದ್ದು ಒಂದು ಗಂಟೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಊಟ ಮುಗಿಸಿ ಬಂದರೂ ಸೆಷನ್ ಹಾಗೇ ಇರುತ್ತಿತ್ತು. "ನೆಟ್ ಪ್ರಾಬ್ಲಮ್ ಇರಬೇಕು ಸಾರ್" ಅಂದುಬಿಟ್ಟೆ. ತಪ್ಪು ನನ್ನದೇ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಆ ಎರಡು ದಿನದಲ್ಲಿ, ಆಮೇಲೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ನೀವು ಪಿಎಚ್‌ಪಿ ಬರೆಯದಿದ್ದರೂ ಓದಿ, ನಾವು ಬೀಳುವ ಗುಂಡಿಗಳು ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲು ಚಪ್ಪಲಿ ಸ್ಟ್ಯಾಂಡ್

ಎಚ್‌ಟಿಟಿಪಿಗೆ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡುವ ಪದ್ಧತಿಗೆ, ನೆನಪಿನ ಶಕ್ತಿ ಇಲ್ಲ. ಒಂದು ರಿಕ್ವೆಸ್ಟ್ ಬಂತು, ಉತ್ತರ ಹೋಯಿತು, ಮುಗೀತು. ಮುಂದಿನ ಸಲ ಬಂದವರು ಯಾರು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮಾಂಟುಲಿ ಕುಕೀ ಅನ್ನುವ ಉಪಾಯ ತಂದರು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್‌ನ ಟೋಕನ್ ಇದ್ದ ಹಾಗೆ ಅದು. ನಿಮ್ಮ ಕೈಯಲ್ಲಿ ಬರೀ ನಂಬರ್ ಇರುತ್ತದೆ, ಚಪ್ಪಲಿ ಇರುವುದು ಅವರ ಗೂಡಿನಲ್ಲಿ. ಬ್ರೌಸರ್ ಹತ್ತಿರ ಇರುವ ಕುಕೀ ಟೋಕನ್. ಯಾರು ಲಾಗಿನ್ ಆಗಿದ್ದಾರೆ, ಯಾವ ಪುಟದಲ್ಲಿದ್ದಾರೆ ಅನ್ನುವುದೆಲ್ಲ ಸರ್ವರ್‌ನ ಗೂಡಿನಲ್ಲಿರುವ ಚಪ್ಪಲಿ.

ಇದು ಗೊತ್ತಿದ್ದರೆ ಸೆಷನ್ ಹೋಗುವುದು ಎಷ್ಟು ರೀತಿ ಅಂತ ತಾನಾಗಿ ಗೊತ್ತಾಗುತ್ತದೆ. ಟೋಕನ್ ಕಳೆಯಬಹುದು, ಅಂದರೆ ಕುಕೀಯ ಅವಧಿ ಮುಗಿಯಬಹುದು. ಟೋಕನ್ ಕೈಯಲ್ಲೇ ಇದ್ದರೂ ಗೂಡು ಖಾಲಿ ಮಾಡಿಬಿಟ್ಟಿರಬಹುದು, ಅಂದರೆ ಸರ್ವರ್ ಸೆಷನ್ ಅಳಿಸಿರಬಹುದು. ಅಥವಾ ಎರಡೂ ಇದ್ದು, "ಎಂಟು ಗಂಟೆ ಆಯಿತು, ಬಾಗಿಲು ಹಾಕುತ್ತೇವೆ" ಅಂತ ನಿಮ್ಮ ಕೋಡ್ ಹೇಳಬಹುದು. ಮೂರಕ್ಕೂ ಬೇರೆ ಬೇರೆ ಗಡಿಯಾರ. "ಟೈಮ್‌ಔಟ್ 30 ನಿಮಿಷ ಇಟ್ಟಿದ್ದೇನೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ: ಯಾವ ಗಡಿಯಾರದಲ್ಲಿ?

9 ಮತ್ತು 39

ನನ್ನ ಕಥೆಗೆ ಬರೋಣ. ಪಿಎಚ್‌ಪಿಯಲ್ಲಿ ಸೆಷನ್ ಡಾಟ್ ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ ಅಂತ ಒಂದು ಸೆಟ್ಟಿಂಗ್ ಇದೆ. ಡೀಫಾಲ್ಟ್ 1440 ಸೆಕೆಂಡ್. ಎಷ್ಟೋ ಜನ ಇದನ್ನು ನೋಡಿ 24 ಗಂಟೆ ಅಂದುಕೊಳ್ಳುತ್ತಾರೆ, ಒಂದು ದಿನಕ್ಕೆ 1440 ನಿಮಿಷ ಅಲ್ವಾ. ಆದರೆ ಇದು ಸೆಕೆಂಡ್, ಅಂದರೆ ಬರೀ 24 ನಿಮಿಷ. ನಾನು ಅದನ್ನು ಕೋಡ್ ಒಳಗೆ ಇನಿ ಸೆಟ್ ಫಂಕ್ಷನ್‌ನಿಂದ 3600 ಮಾಡಿದ್ದೆ.

ಈಗ ಮಜಾ ನೋಡಿ. ಸಾಮಾನ್ಯ ಪಿಎಚ್‌ಪಿಯಲ್ಲಿ ಹಳೇ ಸೆಷನ್ ಫೈಲ್, ಅಂದರೆ ಗೂಡಿನ ಹಳೇ ಚಪ್ಪಲಿ, ಗುಡಿಸುವುದು ಲಾಟರಿ ಲೆಕ್ಕದಲ್ಲಿ. ಮೂಲ ಡೀಫಾಲ್ಟ್‌ನಲ್ಲಿ ಸೆಷನ್ ಶುರುವಾಗುವ 100 ರಿಕ್ವೆಸ್ಟ್‌ಗೆ ಒಂದು ಸಲ ಕಸ ಗುಡಿಸುವ ಅವಕಾಶ, ಪಿಎಚ್‌ಪಿ ಜೊತೆ ಬರುವ ಇನಿ ಫೈಲ್‌ನಲ್ಲಿ 1000ಕ್ಕೆ ಒಂದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಬಳಸುವವನು ನಾನೊಬ್ಬನೇ, ಹಾಗಾಗಿ ಗುಡಿಸುವವರೇ ಬರುತ್ತಿರಲಿಲ್ಲ. ಸರ್ವರ್ ಇದ್ದದ್ದು ಉಬುಂಟು ಲಿನಕ್ಸ್. ಡೆಬಿಯನ್ ಮತ್ತು ಉಬುಂಟುವಿನ ಪ್ಯಾಕೇಜ್‌ನಲ್ಲಿ ಈ ಲಾಟರಿಯನ್ನು ಸೊನ್ನೆ ಮಾಡಿಟ್ಟು, ಬದಲಿಗೆ ಒಂದು ಸ್ಕ್ರಿಪ್ಟ್ ಇಟ್ಟಿರುತ್ತಾರೆ. ಅದು ಪ್ರತಿ ಗಂಟೆಯ 9ನೇ ಮತ್ತು 39ನೇ ನಿಮಿಷಕ್ಕೆ ಓಡುತ್ತದೆ. ಅವಧಿ ಎಷ್ಟು ಅಂತ ಅದು ಓದುವುದು ಪಿಎಚ್‌ಪಿ ಡಾಟ್ ಇನಿ ಫೈಲ್‌ನಿಂದ. ನನ್ನ ಕೋಡ್ ಒಳಗಿನ 3600 ಅದರ ಕಣ್ಣಿಗೇ ಬೀಳುವುದಿಲ್ಲ.

ಹೀಗಾಗಿ ಏನಾಗುತ್ತಿತ್ತು? ಹುಡುಗಿ 10:05ಕ್ಕೆ ಫಾರಂ ತೆರೆದಳು ಅಂದುಕೊಳ್ಳಿ. 10:09ಕ್ಕೆ ಸ್ಕ್ರಿಪ್ಟ್ ಬಂದಾಗ ಫೈಲ್‌ಗೆ 4 ನಿಮಿಷ ವಯಸ್ಸು, ಬಿಟ್ಟಿತು. 10:39ಕ್ಕೆ 34 ನಿಮಿಷ, ಅಳಿಸಿತು. 10:41ಕ್ಕೆ ಸಬ್ಮಿಟ್ ಒತ್ತಿದರೆ ಲಾಗಿನ್ ಪೇಜ್. ಅದೇ ಪಕ್ಕದ ಕಂಪ್ಯೂಟರ್‌ನ ಹುಡುಗ 10:20ಕ್ಕೆ ತೆರೆದಿದ್ದ. 10:39ಕ್ಕೆ ಅವನ ಫೈಲ್‌ಗೆ 19 ನಿಮಿಷ, ಉಳಿಯಿತು. ಮುಂದಿನ ಗುಡಿಸುವಿಕೆ 11:09ಕ್ಕೆ. ಅವನು 40 ನಿಮಿಷ ತೆಗೆದುಕೊಂಡು 11ಕ್ಕೆ ಸಬ್ಮಿಟ್ ಒತ್ತಿದರೂ ಸಲೀಸಾಗಿ ಹೋಯಿತು. ನಿಧಾನ ಮಾಡಿದವನ ಅರ್ಜಿ ಸಬ್ಮಿಟ್ ಆಯಿತು, ಬೇಗ ಮಾಡಿದವಳದ್ದು ಆಗಲಿಲ್ಲ! ಇದನ್ನು ನೋಡಿ ಯಾರಾದರೂ ನೆಟ್ ಮೇಲೇ ಅನುಮಾನ ಪಡುತ್ತಾರೆ. ಕಂಪ್ಲೇಂಟ್ ಬಂದ ಸಮಯಗಳನ್ನು ಒಂದು ಹಾಳೆ ಮೇಲೆ ಬರೆದಾಗಲೇ ನನಗೆ ಕಂಡದ್ದು, ಎಲ್ಲವೂ 9 ಅಥವಾ 39 ದಾಟಿದ ಮೇಲೆ ಅಂತ.

ಸರಿ ಮಾಡುವುದು ಸುಲಭ. ಪಿಎಚ್‌ಪಿ ಡಾಟ್ ಇನಿಯಲ್ಲೇ ಬದಲಾಯಿಸಿ. ಇಲ್ಲವೇ ನಿಮ್ಮ ಅಪ್ಲಿಕೇಶನ್‌ಗೆ ಅಂತಲೇ ಬೇರೆ ಸೇವ್ ಪಾತ್ ಫೋಲ್ಡರ್ ಕೊಟ್ಟು, ಗುಡಿಸುವ ಕೆಲಸ ನೀವೇ ಮಾಡಿ. ಒಂದೇ ಸರ್ವರ್‌ನಲ್ಲಿ ಎರಡು ಅಪ್ಲಿಕೇಶನ್ ಇದ್ದರೆ ಬೇರೆ ಫೋಲ್ಡರ್ ಬೇಕೇ ಬೇಕು. ಒಂದೇ ಫೋಲ್ಡರ್ ಹಂಚಿಕೊಂಡರೆ ಯಾವುದರ ಅವಧಿ ಕಡಿಮೆಯೋ ಅದು ಇನ್ನೊಂದರ ಫೈಲನ್ನೂ ಅಳಿಸುತ್ತದೆ.

ಪಿಎಚ್‌ಪಿಯಲ್ಲೇ ಇನ್ನೊಂದು ಗುಂಡಿ. ಕುಕೀ ಲೈಫ್‌ಟೈಮ್ ಡೀಫಾಲ್ಟ್ 0, ಅಂದರೆ ಬ್ರೌಸರ್ ಮುಚ್ಚುವ ತನಕ. ಕೆಲವರು ಅದನ್ನೂ 3600 ಮಾಡುತ್ತಾರೆ. ಆದರೆ ಪಿಎಚ್‌ಪಿ ಆ ಕುಕೀಯನ್ನು ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಕಳಿಸುವುದಿಲ್ಲ. ಬಳಕೆದಾರ ಕೈ ಎತ್ತದೆ ಟೈಪ್ ಮಾಡುತ್ತಿದ್ದರೂ, ಮೊದಲು ಕುಕೀ ಕೊಟ್ಟ ಹೊತ್ತಿನಿಂದ ಸರಿಯಾಗಿ ಒಂದು ಗಂಟೆಗೆ ಟೋಕನ್ ಮಾಯ. ಕುಕೀಯನ್ನು 0ಗೇ ಬಿಟ್ಟು ಅವಧಿಯನ್ನು ಸರ್ವರ್‌ನಲ್ಲಿ ಲೆಕ್ಕ ಹಾಕುವುದು ನನಗೆ ವಾಸಿ ಅನ್ನಿಸುತ್ತದೆ. ಹಾಗಂತ "ಬ್ರೌಸರ್ ಮುಚ್ಚಿದರೆ ಲಾಗೌಟ್" ಅಂತ ಯಾರಿಗೂ ಮಾತು ಕೊಡಬೇಡಿ. ಕ್ರೋಮ್‌ನಲ್ಲಿ "ಬಿಟ್ಟಲ್ಲಿಂದ ಮುಂದುವರಿಸು" ಆನ್ ಇದ್ದರೆ ಅಂಥ ಕುಕೀಗಳೂ ಎದ್ದು ಬರುತ್ತವೆ.

ನಿಮ್ಮದು ಬೇರೆ ಫ್ರೇಮ್‌ವರ್ಕ್ ಆದರೆ

ಫ್ರೇಮ್‌ವರ್ಕ್ ಅಂದರೆ ವೆಬ್ ಅಪ್ಲಿಕೇಶನ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು. ಅದರ ಡೀಫಾಲ್ಟ್ ಎಷ್ಟು ಅಂತ ಮೊದಲು ನೋಡಿ, ಆಮೇಲೆ ಅದು ಯಾವಾಗಿನಿಂದ ಎಣಿಸುತ್ತದೆ ಅಂತ ನೋಡಿ. ಎರಡನೆಯದನ್ನೇ ಜನ ಮರೆಯುವುದು.

ಜಾಂಗೋದಲ್ಲಿ ಕುಕೀಯ ವಯಸ್ಸು 12,09,600 ಸೆಕೆಂಡ್, ಅಂದರೆ ಎರಡು ವಾರ. ಅದೂ ಸೆಷನ್‌ನಲ್ಲಿ ಏನಾದರೂ ಬದಲಾದಾಗಿನಿಂದ, ಕೊನೆಯ ಸಲ ಪೇಜ್ ತೆರೆದಾಗಿನಿಂದಲ್ಲ. ಪ್ರತಿ ಕ್ಲಿಕ್‌ಗೂ ಅವಧಿ ಮುಂದೆ ಹೋಗಬೇಕು ಅಂದರೆ ಸೆಷನ್ ಸೇವ್ ಎವ್ರಿ ರಿಕ್ವೆಸ್ಟ್ ಅನ್ನುವುದನ್ನು ಟ್ರೂ ಮಾಡಬೇಕು. ಡೇಟಾಬೇಸ್‌ನಲ್ಲಿ ಹಳೇ ಸಾಲುಗಳು ತಾನಾಗಿ ಅಳಿಯುವುದಿಲ್ಲ, ಕ್ಲಿಯರ್‌ಸೆಷನ್ಸ್ ಕಮಾಂಡನ್ನು, ಹೇಳಿದ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್‌ಗೆ ಹಾಕಿ. ಜಾವಾದ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ 30 ನಿಮಿಷ. ಅಲ್ಲಿ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಬರೆಯುವುದು ನಿಮಿಷದಲ್ಲಿ, ಕೋಡ್‌ನಲ್ಲಿ ಸೆಟ್ ಮ್ಯಾಕ್ಸ್ ಇನ್ಯಾಕ್ಟಿವ್ ಇಂಟರ್ವಲ್ ಕರೆಯುವಾಗ ಸೆಕೆಂಡ್‌ನಲ್ಲಿ. ಎಕ್ಸ್‌ಎಂಎಲ್‌ನಲ್ಲಿ 1800 ಬರೆದು 30 ಗಂಟೆಯ ಸೆಷನ್ ಇಟ್ಟ ಪುಣ್ಯಾತ್ಮರನ್ನು ನಾನು ನೋಡಿದ್ದೇನೆ. ಲಾರವೆಲ್‌ನಲ್ಲಿ 120 ನಿಮಿಷ. ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ, ಆದರೆ ಹಳೇ ಫಾರ್ಮ್ಸ್ ಅಥೆಂಟಿಕೇಶನ್ ಟಿಕೆಟ್‌ಗೆ ಬೇರೆ ಗಡಿಯಾರ, 30 ನಿಮಿಷ. ಹಾಗಾಗಿ ಲಾಗಿನ್ ಇದೆ, ಸೆಷನ್ ಒಳಗಿನ ಮಾಹಿತಿ ಇಲ್ಲ ಅನ್ನುವ ವಿಚಿತ್ರ ಸ್ಥಿತಿ ಅಲ್ಲಿ ಬರುತ್ತದೆ. ಎಕ್ಸ್‌ಪ್ರೆಸ್‌ನ ಸೆಷನ್ ಪ್ಯಾಕೇಜ್‌ನಲ್ಲಿ ರೋಲಿಂಗ್ ಅನ್ನುವುದು ಡೀಫಾಲ್ಟ್ ಆಗಿ ಆಫ್. ಮ್ಯಾಕ್ಸ್ ಏಜ್ ಕೊಟ್ಟು ರೋಲಿಂಗ್ ಆನ್ ಮಾಡದಿದ್ದರೆ ಬಳಕೆದಾರ ಕ್ಲಿಕ್ ಮಾಡುತ್ತಿದ್ದರೂ ಬ್ರೌಸರ್‌ನ ಕುಕೀ ಅವಧಿ ಮುಂದೆ ಹೋಗುವುದಿಲ್ಲ. ಪಿಎಚ್‌ಪಿಯಲ್ಲಿ ನೋಡಿದ ಗುಂಡಿಯೇ ಇದೂ.

ಎಷ್ಟು ನಿಮಿಷ ಇಡಬೇಕು?

ಎರಡು ಸಂಖ್ಯೆ ಬೇಕು. ಸುಮ್ನೆ ಕೂತಿದ್ದರೆ ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನುವುದು ಒಂದು, ಇದು ಐಡಲ್ ಟೈಮ್‌ಔಟ್. ಏನೇ ಮಾಡುತ್ತಿದ್ದರೂ ಲಾಗಿನ್ ಆದಾಗಿನಿಂದ ಎಷ್ಟು ಹೊತ್ತಿಗೆ ಮುಗಿಯಬೇಕು ಅನ್ನುವುದು ಇನ್ನೊಂದು, ಇದು ಅಬ್ಸಲ್ಯೂಟ್ ಟೈಮ್‌ಔಟ್. ಎರಡನೆಯದು ಇಲ್ಲದಿದ್ದರೆ, ಕುಕೀ ಕದ್ದವನು ಹತ್ತು ನಿಮಿಷಕ್ಕೊಂದು ರಿಕ್ವೆಸ್ಟ್ ಕಳಿಸುತ್ತಾ ವರ್ಷಗಟ್ಟಲೆ ಒಳಗೇ ಕೂತಿರಬಹುದು.

ವೆಬ್ ಭದ್ರತೆಗೆ ಸಲಹೆ ಕೊಡುವ ಓವಾಸ್ಪ್ ಸಂಸ್ಥೆ ಹೇಳುವುದು: ದುಡ್ಡು ಕಾಸಿನಂಥ ಸೂಕ್ಷ್ಮ ಅಪ್ಲಿಕೇಶನ್‌ಗೆ ಐಡಲ್ 2ರಿಂದ 5 ನಿಮಿಷ, ಅಪಾಯ ಕಡಿಮೆ ಇರುವುದಕ್ಕೆ 15ರಿಂದ 30 ನಿಮಿಷ. ಆಫೀಸಿನಲ್ಲಿ ದಿನವಿಡೀ ಬಳಸುವಂಥದ್ದಕ್ಕೆ ಅಬ್ಸಲ್ಯೂಟ್ 4ರಿಂದ 8 ಗಂಟೆ. ಕಾರ್ಡ್ ವ್ಯವಹಾರದ ಪಿಸಿಐ ನಿಯಮದಲ್ಲಿ 15 ನಿಮಿಷ ಸುಮ್ಮನಿದ್ದರೆ ಮತ್ತೆ ಲಾಗಿನ್ ಆಗಬೇಕು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯಲ್ಲಿ ಎರಡನೇ ಹಂತದ ಭದ್ರತೆಗೆ 30 ನಿಮಿಷ ಐಡಲ್, 12 ಗಂಟೆ ಅಬ್ಸಲ್ಯೂಟ್ ಇತ್ತು.

ಇವು ಅಂದಾಜಿಗೆ ಸಾಕು. ಆದರೆ ನಿಮ್ಮ ಬಳಕೆದಾರ ಎಲ್ಲಿ ಕೂತಿದ್ದಾನೆ ಅಂತ ಯೋಚಿಸದೆ ಇವನ್ನು ಕಾಪಿ ಮಾಡಬೇಡಿ. ನನ್ನದು ಸೈಬರ್ ಸೆಂಟರ್. ಅಲ್ಲಿ ಎರಡು ಕಡೆಯಿಂದ ಎಳೆತ. ಫಾರಂ ತುಂಬಲು 40 ನಿಮಿಷ ಬೇಕು, ಹಾಗಾಗಿ ಟೈಮ್‌ಔಟ್ ಜಾಸ್ತಿ ಇರಬೇಕು. ಆದರೆ ಒಬ್ಬರು ಎದ್ದ ಕುರ್ಚಿಯಲ್ಲಿ ಎರಡು ನಿಮಿಷಕ್ಕೆ ಇನ್ನೊಬ್ಬರು ಕೂರುತ್ತಾರೆ, ಹಾಗಾಗಿ ಕಡಿಮೆ ಇರಬೇಕು. ಬರೀ ಸಂಖ್ಯೆ ಹಿಡಿದು ಇದನ್ನು ಬಿಡಿಸಲು ಆಗುವುದಿಲ್ಲ. ಕೊನೆಗೆ ನಾನು ಐಡಲ್ 15 ನಿಮಿಷಕ್ಕೆ ಇಳಿಸಿದೆ, ಹೌದು, ಇಳಿಸಿದೆ. ಬದಲಿಗೆ ಸೆಷನ್ ಹೋದರೂ ಬರೆದದ್ದು ಹೋಗದ ಹಾಗೆ ಮಾಡಿದೆ. ಅದರ ನಂತರ ಟೈಮ್‌ಔಟ್ ಬಗ್ಗೆ ಫೋನ್ ಬರಲಿಲ್ಲ. ಜನರಿಗೆ ಮತ್ತೆ ಲಾಗಿನ್ ಆಗುವುದು ಅಷ್ಟೇನೂ ಬೇಜಾರಲ್ಲ, ಮತ್ತೆ ತುಂಬಿಸುವುದೇ ಬೇಜಾರು.

ಸರ್ವರ್‌ನಲ್ಲಿ ಮಾಡುವ ಕೆಲಸ

ಫ್ರೇಮ್‌ವರ್ಕ್‌ನ ಕಸ ಗುಡಿಸುವಿಕೆಯನ್ನು ಟೈಮ್‌ಔಟ್ ಅಂತ ನಂಬಬೇಡಿ. ಅದು ಇರುವುದು ಡಿಸ್ಕ್ ತುಂಬದಿರಲಿ ಅಂತ. ನೀವೇ ಸೆಷನ್ ಒಳಗೆ ಎರಡು ಸಮಯ ಬರೆದಿಡಿ: ಲಾಗಿನ್ ಆದದ್ದು ಯಾವಾಗ, ಕೊನೆಯ ಚಟುವಟಿಕೆ ಯಾವಾಗ. ಪ್ರತಿ ರಿಕ್ವೆಸ್ಟ್‌ಗೆ ಮೊದಲು ಓಡುವ ಮಿಡಲ್‌ವೇರ್‌ನಲ್ಲಿ ಇವೆರಡನ್ನೂ ಈಗಿನ ಸಮಯದ ಜೊತೆ ಹೋಲಿಸಿ. ಮೊದಲು ಹೋಲಿಕೆ, ಆಮೇಲೆ ಕೊನೆಯ ಚಟುವಟಿಕೆಯನ್ನು ಈಗಿನ ಸಮಯಕ್ಕೆ ತಿದ್ದುವುದು. ಅದಲುಬದಲು ಮಾಡಿದರೆ ಸೆಷನ್ ಯಾವತ್ತೂ ಮುಗಿಯುವುದೇ ಇಲ್ಲ. ನಗಬೇಡಿ, ಕೋಡ್ ರಿವ್ಯೂನಲ್ಲಿ ಎರಡು ಸಲ ಹಿಡಿದಿದ್ದೇನೆ. ಕಸ ಗುಡಿಸುವ ಅವಧಿಯನ್ನು ನಿಮ್ಮ ಐಡಲ್ ಅವಧಿಗಿಂತ ಸ್ವಲ್ಪ ಜಾಸ್ತಿ ಇಟ್ಟುಬಿಡಿ, ಆಗ ಎರಡಕ್ಕೂ ಜಗಳ ಇರುವುದಿಲ್ಲ.

ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್‌ಗೆ ಸಮಯ ಬರೆದರೆ ಭಾರ ಆಗುತ್ತದೆ ಅನ್ನಿಸಿದರೆ, ಹಿಂದೆ ಬರೆದು ಒಂದು ನಿಮಿಷ ದಾಟಿದ್ದರೆ ಮಾತ್ರ ಬರೆಯಿರಿ. 15 ನಿಮಿಷದ ಲೆಕ್ಕದಲ್ಲಿ ಒಂದು ನಿಮಿಷ ಆಚೀಚೆ ಆದರೆ ಯಾರಿಗೂ ನಷ್ಟ ಇಲ್ಲ.

ಇನ್ನು ಪೋಲಿಂಗ್. ಮೇಲೆ ಗಂಟೆ ಐಕಾನ್ ಇಟ್ಟು, 30 ಸೆಕೆಂಡಿಗೊಮ್ಮೆ "ಹೊಸ ಸೂಚನೆ ಇದೆಯಾ" ಅಂತ ಸರ್ವರ್‌ಗೆ ಕೇಳುವ ಕೋಡ್ ನಿಮ್ಮಲ್ಲಿ ಇದೆಯಾ? ಇದ್ದರೆ ನಿಮಗೆ ಐಡಲ್ ಟೈಮ್‌ಔಟ್ ಇಲ್ಲ ಅಂತಲೇ ಲೆಕ್ಕ. ಮನುಷ್ಯ ಎದ್ದು ಹೋಗಿ ಚಹಾ ಕುಡಿದು, ಬಸ್ ಹತ್ತಿ, ಮನೆ ಸೇರಿದರೂ ಆ ಗಂಟೆ ಐಕಾನ್ ಸೆಷನ್ನನ್ನು ಜೀವಂತ ಇಟ್ಟಿರುತ್ತದೆ. ಇಂಥ ಹಿನ್ನೆಲೆ ರಿಕ್ವೆಸ್ಟ್‌ಗಳಿಗೆ ಬೇರೆ ದಾರಿ ಮಾಡಿ: ಸೆಷನ್ ಇದೆಯಾ ಅಂತ ನೋಡಲಿ, ಕೊನೆಯ ಚಟುವಟಿಕೆಯನ್ನು ಮುಟ್ಟಬಾರದು.

ಲಾಗಿನ್ ಆದ ಕೂಡಲೇ ಸೆಷನ್ ಐಡಿಯನ್ನು ಹೊಸದು ಮಾಡಿ. ಕುಕೀಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್, ಸೇಮ್ ಸೈಟ್ ಅನ್ನುವ ಮೂರೂ ರಕ್ಷಣೆಯ ಗುರುತು ಹಾಕಿ. ಅವಧಿ ಮುಗಿದಾಗ ಬರೀ ಕುಕೀ ಅಳಿಸಿ ಸುಮ್ಮನಾಗಬೇಡಿ. ಟೋಕನ್ ಹರಿದು ಹಾಕಿದರೆ ಆಗಲಿಲ್ಲ, ಗೂಡಿನ ಚಪ್ಪಲಿಯನ್ನೂ ತೆಗೆಯಬೇಕು. ಯಾಕೆಂದರೆ ಆ ನಂಬರನ್ನು ಬರೆದಿಟ್ಟುಕೊಂಡವನು ಇನ್ನೂ ಬರಬಹುದು.

ಬ್ರೌಸರ್‌ನಲ್ಲಿ ಎಚ್ಚರಿಕೆ ತೋರಿಸುವುದು

"ಇನ್ನು ಎರಡು ನಿಮಿಷದಲ್ಲಿ ನಿಮ್ಮ ಸೆಷನ್ ಮುಗಿಯುತ್ತದೆ" ಅನ್ನುವ ಪೆಟ್ಟಿಗೆ ಎಲ್ಲರೂ ಮಾಡುತ್ತಾರೆ. ಹೆಚ್ಚಿನವರು ಮಾಡುವುದು ಹೀಗೆ: ಪೇಜ್ ಲೋಡ್ ಆದಾಗ ಸೆಟ್ ಟೈಮ್‌ಔಟ್ ಕರೆದು 13 ನಿಮಿಷ ಕೊಡುತ್ತಾರೆ. ಡೆಮೋದಲ್ಲಿ ಚೆನ್ನಾಗಿ ಕಾಣುತ್ತದೆ. ನಿಜ ಬಳಕೆಯಲ್ಲಿ ಮೂರು ಕಡೆ ಮುರಿಯುತ್ತದೆ.

ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಆ ಟೈಮರ್ ನಿದ್ದೆ ಹೋಗುತ್ತದೆ, ಸರ್ವರ್‌ನ ಗಡಿಯಾರ ನಿದ್ದೆ ಮಾಡುವುದಿಲ್ಲ. ಒಂದು ಗಂಟೆ ಬಿಟ್ಟು ತೆರೆದರೆ "ಇನ್ನೂ 9 ನಿಮಿಷ ಇದೆ" ಅಂತ ಸುಳ್ಳು ಹೇಳುತ್ತಾ ಕೂತಿರುತ್ತದೆ. ಹಿಂದೆ ಬಿದ್ದ ಟ್ಯಾಬ್‌ಗಳಲ್ಲಿ ಟೈಮರ್ ನಿಧಾನ ಆಗುತ್ತದೆ. ಕ್ರೋಮ್ 88ರಿಂದ, ಅಂದರೆ 2021ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿರುವ ಪೇಜ್‌ನ ಮರುಕಳಿಸುವ ಟೈಮರ್‌ಗಳನ್ನು ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುತ್ತದೆ. ಪ್ರತಿ ಸೆಕೆಂಡಿಗೆ ಒಂದು ಕಳೆಯುತ್ತಾ ಹೋಗುವ ಕೌಂಟರ್ ಅಲ್ಲಿ ಕುಂಟುತ್ತದೆ. ಮೂರನೆಯದು ಎರಡು ಟ್ಯಾಬ್. ಒಂದರಲ್ಲಿ ಕೆಲಸ ನಡೆಯುತ್ತಿದೆ, ಇನ್ನೊಂದು ಟ್ಯಾಬ್‌ಗೆ ಅದು ಗೊತ್ತಿಲ್ಲ. ತನ್ನ 15 ನಿಮಿಷ ಆಯಿತು ಅಂತ ಲಾಗೌಟ್ ಕರೆದುಬಿಡುತ್ತದೆ. ಬಳಕೆದಾರ ಟೈಪ್ ಮಾಡುತ್ತಿರುವಾಗಲೇ ಕಾಲ ಕೆಳಗಿನ ನೆಲ ಜಾರುತ್ತದೆ.

ಹಾಗಾಗಿ ಕಳೆಯುವ ಲೆಕ್ಕ ಬಿಡಿ. "ಮುಗಿಯುವ ಹೊತ್ತು ಇಷ್ಟು" ಅಂತ ಒಂದು ಸಮಯ ಇಟ್ಟುಕೊಂಡು, ಪ್ರತಿ ಸಲ ಈಗಿನ ಸಮಯದ ಜೊತೆ ಹೋಲಿಸಿ. ಆ ಹೊತ್ತನ್ನು ಸರ್ವರ್ ಪ್ರತಿ ಉತ್ತರದಲ್ಲೂ "ಇನ್ನು ಇಷ್ಟು ಸೆಕೆಂಡ್ ಉಳಿದಿದೆ" ಅಂತ ಕಳಿಸಲಿ. ಗಡಿಯಾರದ ಸಮಯ ಕಳಿಸಬೇಡಿ. ಸೈಬರ್ ಸೆಂಟರ್ ಕಂಪ್ಯೂಟರ್‌ನ ಗಡಿಯಾರ ಎಷ್ಟು ತಪ್ಪಿರುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಒಂದು ಸಲ ಹೋಗಿ ನೋಡಿ ಬನ್ನಿ. ಟ್ಯಾಬ್ ಮತ್ತೆ ಮುಂದೆ ಬಂದಾಗ ವಿಸಿಬಿಲಿಟಿ ಚೇಂಜ್ ಇವೆಂಟ್ ಹಿಡಿದು, ಸರ್ವರ್‌ಗೆ ಎಷ್ಟು ಉಳಿದಿದೆ ಅಂತ ಕೇಳಿ. ಹಾಗೆ ಕೇಳುವುದರಿಂದಲೇ ಅವಧಿ ಮುಂದೆ ಹೋಗಬಾರದು, ನೆನಪಿರಲಿ. ಟ್ಯಾಬ್‌ಗಳು ತಮ್ಮೊಳಗೆ ಮಾತಾಡಿಕೊಳ್ಳಲು ಬ್ರಾಡ್‌ಕಾಸ್ಟ್ ಚಾನೆಲ್ ಇದೆ. ಒಂದು ಟ್ಯಾಬ್ "ಅವಧಿ ಮುಂದೆ ಹೋಯಿತು" ಅಂದರೆ ಉಳಿದವೂ ತಿದ್ದಿಕೊಳ್ಳುತ್ತವೆ, ಒಂದು ಟ್ಯಾಬ್ ಲಾಗೌಟ್ ಆದರೆ ಉಳಿದವೂ ಪರದೆ ಎಳೆಯುತ್ತವೆ.

ಎಚ್ಚರಿಕೆ ಎಷ್ಟು ಹೊತ್ತು ಮೊದಲು? ಅಂಗವಿಕಲರಿಗೂ ವೆಬ್ ಬಳಸಲು ಆಗಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ಪ್ರಕಾರ ಕನಿಷ್ಠ 20 ಸೆಕೆಂಡ್ ಕೊಡಬೇಕು, ಒಂದು ಕೀ ಒತ್ತುವಷ್ಟು ಸುಲಭ ಇರಬೇಕು, ಹೀಗೆ ಹತ್ತು ಸಲವಾದರೂ ಮುಂದೂಡಲು ಬಿಡಬೇಕು. 20 ಸೆಕೆಂಡ್ ನನಗೆ ತೀರಾ ಕಡಿಮೆ ಅನ್ನಿಸುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ವಾಕ್ಯ ಓದಿ ಮುಗಿಸುವಷ್ಟರಲ್ಲೇ ಅರ್ಧ ಹೋಗಿರುತ್ತದೆ. ಎರಡು ನಿಮಿಷ ಕೊಡಿ. ಬಟನ್ ಮೇಲೆ "ಸೆಷನ್ ವಿಸ್ತರಿಸಿ" ಅಂತ ಬರೆದಿದ್ದೆ, ಯಾರಿಗೂ ಅರ್ಥ ಆಗಲಿಲ್ಲ. "ಇಲ್ಲೇ ಇದ್ದೇನೆ, ಮುಂದುವರಿಸಿ" ಅಂತ ಬದಲಾಯಿಸಿದೆ. ಒತ್ತಲು ಶುರು ಮಾಡಿದರು.

ಮುಗಿದೇ ಹೋದಾಗ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಧಾನಕ್ಕೆ ಓದಿ.

ಸೆಷನ್ ಮುಗಿದ ಮೇಲೆ ಬಂದ ರಿಕ್ವೆಸ್ಟ್ ಪೇಜ್‌ಗಾಗಿ ಬಂದದ್ದಾದರೆ ಲಾಗಿನ್‌ಗೆ ಕಳಿಸಿ, ಸರಿ. ಆದರೆ ಜಾವಾಸ್ಕ್ರಿಪ್ಟ್ ಕಳಿಸಿದ ರಿಕ್ವೆಸ್ಟ್‌ಗೂ 302, ಅಂದರೆ "ಬೇರೆ ಕಡೆ ಹೋಗು" ಅನ್ನುವ ಉತ್ತರ, ಕೊಟ್ಟು ಲಾಗಿನ್ ಪೇಜ್‌ಗೆ ತಿರುಗಿಸಿದರೆ, ಬ್ರೌಸರ್ ಸದ್ದಿಲ್ಲದೆ ಅದನ್ನು ಹಿಂಬಾಲಿಸಿ ಲಾಗಿನ್ ಪೇಜ್‌ನ ಎಚ್‌ಟಿಎಂಎಲ್ ತಂದು ನಿಮ್ಮ ಕೋಡ್ ಕೈಗೆ ಇಡುತ್ತದೆ, 200, ಅಂದರೆ "ಎಲ್ಲಾ ಸರಿ", ಅನ್ನುವ ಮುದ್ರೆ ಸಮೇತ. ಜೇಸನ್ ರೂಪದ ಮಾಹಿತಿಗೆ ಕಾಯುತ್ತಿದ್ದ ಕೋಡ್, ಮೊದಲ ಅಕ್ಷರವೇ ಕೋನಾಕಾರದ ಆವರಣ ಚಿಹ್ನೆ ಅಂತ ಕೂಗಾಡುತ್ತದೆ. ಬಳಕೆದಾರನಿಗೆ ಕಾಣುವುದು ತಿರುಗುತ್ತಲೇ ಇರುವ ಚಕ್ರ. ಅಂಥ ರಿಕ್ವೆಸ್ಟ್‌ಗೆ ನೇರವಾಗಿ 401, ಅಂದರೆ "ಲಾಗಿನ್ ಬೇಕು", ಅಂತ ಕೊಡಿ. ಬ್ರೌಸರ್ ಕಡೆ ಎಲ್ಲಾ ರಿಕ್ವೆಸ್ಟ್ ಹೋಗುವ ಒಂದೇ ಜಾಗದಲ್ಲಿ 401 ಹಿಡಿದು, ಇದ್ದ ಪೇಜ್ ಮೇಲೇ ಲಾಗಿನ್ ಪೆಟ್ಟಿಗೆ ತೆರೆಯಿರಿ. ಲಾಗಿನ್ ಆದ ಮೇಲೆ ನಿಂತ ರಿಕ್ವೆಸ್ಟನ್ನು ಮತ್ತೆ ಕಳಿಸಿ. ಮತ್ತೆ ಕಳಿಸುವಾಗ ಹೊಸ ಸಿಎಸ್‌ಆರ್‌ಎಫ್ ಟೋಕನ್ ಹಾಕಿ, ಅಂದರೆ ರಿಕ್ವೆಸ್ಟ್ ನಿಮ್ಮ ಪೇಜ್‌ನಿಂದಲೇ ಬಂತು ಅಂತ ತೋರಿಸುವ ಗುಟ್ಟಿನ ಗುರುತು. ಹಳೆಯದು ಹಳೇ ಸೆಷನ್ ಜೊತೆಗೇ ಹೋಗಿರುತ್ತದೆ. ಲಾರವೆಲ್‌ನಲ್ಲಿ ಬರುವ 419 ಪೇಜ್ ಎಕ್ಸ್‌ಪೈರ್ಡ್ ಅನ್ನುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ.

ಬರೆದದ್ದು ಉಳಿಯಬೇಕು ಅಂದರೆ ಡ್ರಾಫ್ಟ್ ಬೇಕು. ಒಂದು ಕ್ಷೇತ್ರ ತುಂಬಿ ಮುಂದಿನದಕ್ಕೆ ಹೋದಾಗ, ಅಥವಾ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬದಲಾವಣೆ ಇದ್ದರೆ, ಸರ್ವರ್‌ಗೆ ಕಳಿಸಿ ಆ ಬಳಕೆದಾರನ ಹೆಸರಿನಲ್ಲಿ ಡೇಟಾಬೇಸ್‌ನಲ್ಲಿ ಇಡಿ. ಸೆಷನ್ ಒಳಗೆ ಇಡಬೇಡಿ, ಸೆಷನ್ ಹೋದರೆ ಅದೂ ಹೋಗುತ್ತದೆ! ಈ ಡ್ರಾಫ್ಟ್ ರಿಕ್ವೆಸ್ಟ್ ಮಾತ್ರ ಕೊನೆಯ ಚಟುವಟಿಕೆಯನ್ನು ಮುಟ್ಟಬಹುದು, ಯಾಕೆಂದರೆ ಇಲ್ಲಿ ನಿಜವಾಗಿ ಒಬ್ಬ ಮನುಷ್ಯ ಟೈಪ್ ಮಾಡುತ್ತಿದ್ದಾನೆ. ಅಸಲಿಗೆ ಹುಡುಗಿಯ ಸಮಸ್ಯೆಯ ಇನ್ನರ್ಧ ಇದೇ ಆಗಿತ್ತು. ಉದ್ದ ಫಾರಂ ಒಂದೇ ಪುಟದಲ್ಲಿದ್ದರೆ ಟೈಪ್ ಮಾಡುವಷ್ಟು ಹೊತ್ತೂ ಸರ್ವರ್‌ಗೆ ಏನೂ ಬರುವುದಿಲ್ಲ. ಸರ್ವರ್ ಲೆಕ್ಕದಲ್ಲಿ ಅವಳು ಮೊದಲ ನಿಮಿಷದಿಂದಲೂ ಸುಮ್ನೆ ಕೂತಿದ್ದಳು.

ಲೋಕಲ್ ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್ ಒಳಗೇ, ಇಟ್ಟರೆ ಸುಲಭ ಅಲ್ವಾ ಅಂತ ಕೇಳಬಹುದು. ಸ್ವಂತ ಫೋನ್ ಬಳಸುವವರಿಗೆ ಸರಿ. ಸೈಬರ್ ಸೆಂಟರ್‌ನಲ್ಲಿ ಬೇಡ. ಒಬ್ಬಳ ಬ್ಯಾಂಕ್ ಖಾತೆ ನಂಬರ್ ಮುಂದಿನವನ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಅದೇ ರೀತಿ ಲಾಗಿನ್ ಪೆಟ್ಟಿಗೆಯಲ್ಲೂ ಒಂದು ಪರೀಕ್ಷೆ ಇಡಿ: ಈಗ ಲಾಗಿನ್ ಆದವರು ಮೊದಲಿದ್ದವರೇನಾ? ಅಲ್ಲದಿದ್ದರೆ ನಿಂತ ರಿಕ್ವೆಸ್ಟ್ ಕಳಿಸಬೇಡಿ, ಪೇಜ್ ಪೂರ್ತಿ ಖಾಲಿ ಮಾಡಿ. ಇದನ್ನು ನಾನು ಮೊದಲು ಹಾಕಿರಲಿಲ್ಲ. ಅಕ್ಕನ ಫಾರಂ ತೆರೆದಿದ್ದ ಪೇಜ್‌ನಲ್ಲಿ ತಮ್ಮ ಲಾಗಿನ್ ಆಗಿ, ಅಕ್ಕನ ಆದಾಯ ಪ್ರಮಾಣಪತ್ರ ತಮ್ಮನ ಅರ್ಜಿಗೆ ಸೇರಿತು. ಒಂದೇ ಮನೆಯವರಾದ್ದರಿಂದ ಪ್ರಮಾಣಪತ್ರದಲ್ಲಿ ಆದಾಯವೂ ಒಂದೇ. ಹೆಸರು ಬೇರೆ ಇದೆ ಅಂತ ಪರಿಶೀಲಿಸುವವರೊಬ್ಬರು ಗಮನಿಸಿದ್ದಕ್ಕೆ ಸಿಕ್ಕಿತು.

ಲಾಗಿನ್ ಆದ ಮೇಲೆ ಮೊದಲಿದ್ದ ಪೇಜ್‌ಗೇ ವಾಪಸ್ ಕಳಿಸುವಾಗ, ಆ ವಿಳಾಸ ನಿಮ್ಮ ಸೈಟಿನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾರೋ ಕಳಿಸಿದ ಲಿಂಕ್ ಒತ್ತಿದವರು ನಿಮ್ಮಲ್ಲಿ ಲಾಗಿನ್ ಆಗಿ ಕಳ್ಳನ ಪೇಜ್‌ಗೆ ಹೋಗಿ ಇಳಿಯುತ್ತಾರೆ. ಒಳಗಿನ ಪೇಜ್‌ಗಳಿಗೆ ಕ್ಯಾಶ್ ಕಂಟ್ರೋಲ್ ನೋ ಸ್ಟೋರ್ ಹೆಡರ್ ಹಾಕಿ, ಅಂದರೆ ಪೇಜ್‌ನ ಪ್ರತಿ ಇಟ್ಟುಕೊಳ್ಳಬೇಡ ಅಂತ ಬ್ರೌಸರ್‌ಗೆ ಹೇಳಿ. ಅದಿಲ್ಲದಿದ್ದರೆ ಲಾಗೌಟ್ ಆದ ಮೇಲೂ ಬ್ಯಾಕ್ ಬಟನ್ ಒತ್ತಿ ಹಿಂದಿನವರ ಪೇಜ್ ನೋಡಬಹುದು.

ಜೆಡಬ್ಲ್ಯೂಟಿ, ರೆಡಿಸ್

ಜೆಡಬ್ಲ್ಯೂಟಿ, ಅಂದರೆ ಬಳಕೆದಾರನ ಮಾಹಿತಿಯನ್ನು ತನ್ನಲ್ಲೇ ಹೊತ್ತ, ಸರ್ವರ್ ಸಹಿ ಮಾಡಿದ ಟೋಕನ್, ಬಳಸಿದರೆ ಟೈಮ್‌ಔಟ್ ತಾಪತ್ರಯವೇ ಇಲ್ಲ ಅನ್ನುವವರಿದ್ದಾರೆ. ಚಪ್ಪಲಿ ಟೋಕನ್ ಬದಲು ಅದು ಬಸ್ ಪಾಸ್. ಮುಗಿಯುವ ತಾರೀಖು ಪಾಸ್ ಮೇಲೇ ಅಚ್ಚಾಗಿದೆ, ಕಂಡಕ್ಟರ್ ಅದನ್ನು ನೋಡಿ ಬಿಡುತ್ತಾನೆ. ಕಳೆದುಹೋದ ಪಾಸನ್ನು ಡಿಪೋದಲ್ಲಿ ಕೂತು ರದ್ದು ಮಾಡಲು ಆಗುವುದಿಲ್ಲ. ಹಾಗಾಗಿ ಪ್ರತಿ ರಿಕ್ವೆಸ್ಟ್ ಜೊತೆ ಹೋಗುವ ಆಕ್ಸೆಸ್ ಟೋಕನ್‌ಗೆ 5ರಿಂದ 15 ನಿಮಿಷ ಕೊಟ್ಟು, ಅದು ಮುಗಿದಾಗ ಹೊಸದು ಕೇಳಲು ಬೇಕಾಗುವ ರಿಫ್ರೆಶ್ ಟೋಕನ್ನನ್ನು ಸರ್ವರ್‌ನಲ್ಲಿ ಇಟ್ಟು ಅದಕ್ಕೇ ಐಡಲ್ ಮತ್ತು ಅಬ್ಸಲ್ಯೂಟ್ ಲೆಕ್ಕ ಹಾಕಬೇಕು. ಅಂದರೆ ಸುತ್ತಿ ಬಳಸಿ ಮತ್ತೆ ಸೆಷನ್‌ಗೇ ಬಂದಿರಿ. ಒಂದೇ ಸೈಟ್, ಒಂದೇ ಬ್ಯಾಕೆಂಡ್ ಇದ್ದರೆ ನಾನಂತೂ ಮಾಮೂಲಿ ಸೆಷನ್ನೇ ಬಳಸುತ್ತೇನೆ. ರಿಫ್ರೆಶ್ ಟೋಕನ್ ಪ್ರತಿ ಸಲ ಬದಲಾಗುವ ವ್ಯವಸ್ಥೆ ಇದ್ದರೆ, ಎರಡು ಟ್ಯಾಬ್ ಒಟ್ಟಿಗೇ ಕೇಳಿದಾಗ ಒಂದಕ್ಕೆ ಹಳೇ ಟೋಕನ್ ಅಂತ ಬಾಗಿಲು ಮುಚ್ಚುತ್ತದೆ. ಹಳೆಯದಕ್ಕೆ ಕೆಲವು ಸೆಕೆಂಡ್ ವಿನಾಯಿತಿ ಇಡಿ.

ಸರ್ವರ್ ಎರಡಾದ ದಿನ ಸೆಷನ್ ಫೈಲ್‌ಗಳನ್ನು ಬಿಟ್ಟು, ಮಾಹಿತಿಯನ್ನು ಮೆಮೊರಿಯಲ್ಲಿ ಇಡುವ ರೆಡಿಸ್ ಡೇಟಾಬೇಸ್‌ಗೆ ಹೋಗಿ. ಅಲ್ಲಿ ಪ್ರತಿ ಕೀಗೂ ಅವಧಿ ಕೊಡಬಹುದು, ಗುಡಿಸುವ ಸ್ಕ್ರಿಪ್ಟ್ ಬೇಡ. ಆದರೆ ಅದೇ ರೆಡಿಸನ್ನು ಕ್ಯಾಶ್‌ಗೂ ಬಳಸಿ, ಮೆಮೊರಿ ತುಂಬಿದರೆ ಯಾವ ಕೀ ಬೇಕಾದರೂ ಅಳಿಸು ಅನ್ನುವ ಆಲ್‌ಕೀಸ್ ಎಲ್‌ಆರ್‌ಯು ನೀತಿ ಇಟ್ಟಿದ್ದರೆ, ಜನ ಜಾಸ್ತಿ ಇರುವ ಕೊನೇ ದಿನವೇ ಸೆಷನ್‌ಗಳು ಮಾಯವಾಗುತ್ತವೆ. ಎರಡಕ್ಕೂ ಬೇರೆ ಬೇರೆ ರೆಡಿಸ್ ಇಡಿ. ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನಲ್ಲಿ ಕಾಣುವ ಐಡಲ್ ಟೈಮ್‌ಔಟ್ 60 ಸೆಕೆಂಡ್ ಅನ್ನುವುದು ಕನೆಕ್ಷನ್‌ದು, ಲಾಗಿನ್‌ಗೆ ಸಂಬಂಧ ಇಲ್ಲ. ಅದನ್ನು ಹೆಚ್ಚಿಸಿ ಸೆಷನ್ ಸಮಸ್ಯೆ ಬಗೆಹರಿಯಿತು ಅಂದುಕೊಂಡವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಪರೀಕ್ಷೆ ಮಾಡುವುದು

15 ನಿಮಿಷ ಕಾಯುತ್ತಾ ಕೂರಬೇಡಿ. ಅವಧಿಗಳನ್ನು ಕಾನ್ಫಿಗರೇಶನ್‌ನಲ್ಲಿ ಇಟ್ಟು, ಪರೀಕ್ಷೆಯ ಸರ್ವರ್‌ನಲ್ಲಿ ಐಡಲ್ 2 ನಿಮಿಷ, ಅಬ್ಸಲ್ಯೂಟ್ 6 ನಿಮಿಷ ಮಾಡಿ. ಫಾರಂ ಅರ್ಧ ತುಂಬಿ ಲ್ಯಾಪ್‌ಟಾಪ್ ಮುಚ್ಚಿ, ಮೂರು ನಿಮಿಷ ಬಿಟ್ಟು ತೆರೆಯಿರಿ. ಎರಡು ಟ್ಯಾಬ್ ತೆರೆದು ಒಂದರಲ್ಲಿ ಮಾತ್ರ ಕೆಲಸ ಮಾಡಿ. ಒಂದು ಟ್ಯಾಬ್‌ನಲ್ಲಿ ಲಾಗೌಟ್ ಆಗಿ ಇನ್ನೊಂದರಲ್ಲಿ ಸಬ್ಮಿಟ್ ಒತ್ತಿ. ಸೆಷನ್ ಹೋದ ಮೇಲೆ ಬೇರೆ ಐಡಿಯಲ್ಲಿ ಲಾಗಿನ್ ಆಗಿ ನೋಡಿ. ಫೋನಿನಲ್ಲಿ ತೆರೆದು, ಓಟಿಪಿ ನೋಡಲು ಮೆಸೇಜ್‌ಗೆ ಹೋಗಿ ವಾಪಸ್ ಬನ್ನಿ.

ಕೊನೆಗೆ ಲಾಗ್. ಸೆಷನ್ ಯಾಕೆ ಮುಗಿಯಿತು ಅಂತ ಪ್ರತಿ ಸಲ ಒಂದು ಪದ ಬರೆದಿಡಿ: ಐಡಲ್, ಅಬ್ಸಲ್ಯೂಟ್, ಬಳಕೆದಾರನೇ ಲಾಗೌಟ್, ಅಥವಾ ಕುಕೀ ಬಂತು ಆದರೆ ಸರ್ವರ್‌ನಲ್ಲಿ ಸೆಷನ್ ಸಿಗಲಿಲ್ಲ. ಪಕ್ಕದಲ್ಲಿ ಸಮಯ. ಸೆಷನ್ ಐಡಿಯನ್ನು ಮಾತ್ರ ಹಾಗೇ ಬರೆಯಬೇಡಿ, ಹ್ಯಾಶ್ ಮಾಡಿ, ಅಂದರೆ ಮೂಲ ನಂಬರ್ ಗೊತ್ತಾಗದ ಹಾಗೆ ಬದಲಾಯಿಸಿ. ಈ ನಾಲ್ಕನೇ ಸಾಲು ನನ್ನ ಲಾಗ್‌ನಲ್ಲಿ ಆಗಲೇ ಇದ್ದಿದ್ದರೆ 9 ಮತ್ತು 39 ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು, ಆ ಹುಡುಗಿ ನಾಲ್ಕನೇ ಸಲ ತುಂಬಬೇಕಾಗುತ್ತಿರಲಿಲ್ಲ.